ತಾತ್ಯಾನಾ ಪತ್ರ ಬರೆದದ್ದು ಯಾವ ಭಾಷೆಯಲ್ಲಿ?

ಮಾನ್ಯ ಸಂಪಾದಕರಿಗೆ,

ಸವಿನಯ ವಂದನೆಗಳು. ನಿಮ್ಮ ಭಾನುವಾರದ ಪುರವಣಿಯಲ್ಲಿ ರಷ್ಯನ್ ಸಾಹಿತ್ಯ ಮತ್ತು ರಾಷ್ಟ್ರೀಯತೆಯ ಕುರಿತು ಪ್ರಕಟವಾದ ಲೇಖನವನ್ನೂ ಅದಕ್ಕೆ ಪ್ರತಿಕ್ರಿಯೆಯಾಗಿ ಬಂದ ಓದುಗರ ಪತ್ರಗಳನ್ನೂ ಗಮನವಿಟ್ಟು ಓದಿದೆ. ಬೇರೆ ದೇಶಗಳ ರಾಷ್ಟ್ರೀಯತೆ ಅನ್ಯರನ್ನು ಹೊರಗಿಟ್ಟು ಬೆಳೆದರೆ, ರಷ್ಯದ ಲೇಖಕರ ರಾಷ್ಟ್ರೀಯತೆ ಎಲ್ಲರನ್ನೂ ಒಳಗೆ ಕರೆದುಕೊಳ್ಳುವಂಥದ್ದು ಎಂಬುದು ಲೇಖಕರ ವಾದ. ಅದಕ್ಕೆ ಅವರು ಕೊಟ್ಟಿರುವ ಮುಖ್ಯ ಆಧಾರವೆಂದರೆ, 1880ರ ಜೂನ್ ತಿಂಗಳಲ್ಲಿ ಮಾಸ್ಕೋದಲ್ಲಿ ಪುಷ್ಕಿನ್ ಪ್ರತಿಮೆಯ ಅನಾವರಣದ ಸಂದರ್ಭದಲ್ಲಿ ದಾಸ್ತೊಯೆವ್‌ಸ್ಕಿ ಮಾಡಿದ ಪ್ರಸಿದ್ಧ ಭಾಷಣ. ಪತ್ರ ಬರೆದ ಇಬ್ಬರು ಓದುಗರಾದರೋ, ಉಕ್ರೇನಿನ ಯುದ್ಧವನ್ನು ಕಣ್ಣಾರೆ ಕಂಡ ಮೇಲೂ ಈ ಸಾಹಿತ್ಯವನ್ನು ತಲೆಯ ಮೇಲೆ ಹೊತ್ತು ತಿರುಗುವುದು ತರವಲ್ಲ, ಅದರ ಬೇರಿನಲ್ಲೇ ವಿಷವಿದೆ ಎಂದಿದ್ದಾರೆ.

ವಿದ್ಯಾರ್ಥಿಯಾಗಿದ್ದಾಗ ಮಾಸ್ಕೋದಲ್ಲಿ ಅಚ್ಚಾಗಿ ಬರುತ್ತಿದ್ದ ಅಗ್ಗದ ಗಟ್ಟಿ ರಟ್ಟಿನ ಪುಸ್ತಕಗಳಿಂದ ಈ ಸಾಹಿತ್ಯದ ನಂಟು ಬೆಳೆಸಿಕೊಂಡು, ಮುಂದೆ ಸಂಜೆ ತರಗತಿಯಲ್ಲಿ ಅದರ ಭಾಷೆಯನ್ನೂ ಕಲಿತು, ಕಾಲೇಜಿನಲ್ಲಿ ಮೂವತ್ತು ವರ್ಷ ಸಾಹಿತ್ಯ ಪಾಠ ಹೇಳಿದ ನನಗೆ ಈ ಎರಡು ಮಾತುಗಳೂ ಒಪ್ಪಿಗೆಯಾಗಲಿಲ್ಲ. ಲೇಖಕರೂ ಆ ಓದುಗರೂ ರಷ್ಯನ್ ಸಾಹಿತ್ಯಕ್ಕೆ ಒಂದೇ ಬಾಯಿ, ಒಂದೇ ದನಿ ಇದೆ ಎಂದು ನಂಬಿದ್ದಾರೆ. ರಷ್ಯಾ ಎಂದರೆ ಯಾರು, ಯಾವುದು ಎಂಬ ಜಗಳ ಆ ಸಾಹಿತ್ಯದ ಒಳಗೇ, ಎಷ್ಟೋ ಸಲ ಒಬ್ಬನೇ ಲೇಖಕನ ಒಳಗೇ ಇನ್ನೂರು ವರ್ಷಗಳಿಂದ ನಡೆದುಬಂದಿದೆ. ಅಲ್ಲಿಯ ದೇಶಪ್ರೇಮದ ಪುಟಗಳ ತೂಕ ಗೊತ್ತಾಗಬೇಕಾದರೆ ಮಾಸ್ಕೋದಲ್ಲಿ ಕೂತು ಓದಿದರೆ ಸಾಲದು. ಕಾಕಸಸ್ಸಿನಲ್ಲಿ, ವಾರ್ಸಾದಲ್ಲಿ, ಕೀವ್‌ನಲ್ಲಿ ನಿಂತು ಅವನ್ನು ಓದಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ. ಆದರೆ ಅದಕ್ಕೆ ಪುಟಗಳ ಸಾಕ್ಷಿ ಬೇಕು. ಆದ್ದರಿಂದ ಪತ್ರ ಉದ್ದವಾದರೆ ದಯವಿಟ್ಟು ಸಹಿಸಿಕೊಳ್ಳಬೇಕು.

ಲೇಖಕರು ಎತ್ತಿಕೊಂಡ ಭಾಷಣದಿಂದಲೇ ಆರಂಭಿಸುತ್ತೇನೆ. ಇಡೀ ಜಗತ್ತಿನ ನೋವಿಗೆ ಓಗೊಡುವ ಶಕ್ತಿ ರಷ್ಯನ್ನರಿಗೆ ವಿಶೇಷವಾಗಿ ಇದೆ, ಪುಷ್ಕಿನ್ ಅದರ ಪರಮ ಉದಾಹರಣೆ ಎಂದು ದಾಸ್ತೊಯೆವ್‌ಸ್ಕಿ ಅಂದು ಸಾರಿದ. ಪುಷ್ಕಿನ್‌ನ ‘ಯೆವ್ಗೆನಿ ಒನೇಗಿನ್’ ಕಾವ್ಯದ ನಾಯಕಿ ತಾತ್ಯಾನಾಳನ್ನು ರಷ್ಯನ್ ಹೆಣ್ಣಿನ ಅತ್ಯುನ್ನತ ರೂಪವೆಂದು ಕೊಂಡಾಡಿದ. ಭಾಷಣ ಕೇಳಿದ ಅಪರಿಚಿತರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರೆಂದು ಸ್ವತಃ ಅವನೇ ಹೆಂಡತಿಗೆ ಬರೆದ. ಆದರೆ ಅದೇ ಕಾವ್ಯದ ಮೂರನೆಯ ಅಧ್ಯಾಯಕ್ಕೆ ಹೋಗಿ ನೋಡಿ. ಒನೇಗಿನ್‌ಗೆ ಮನಸ್ಸು ಕೊಟ್ಟ ಹಳ್ಳಿಗಾಡಿನ ಈ ಹುಡುಗಿ ರಾತ್ರಿಯೆಲ್ಲ ಕೂತು ಪ್ರೇಮಪತ್ರ ಬರೆಯುತ್ತಾಳೆ. ಆ ಪತ್ರವನ್ನು ಓದುಗರ ಮುಂದಿಡುವ ಮೊದಲು ಕವಿ ಸಂಕೋಚದಿಂದಲೇ ಒಂದು ಮಾತು ಹೇಳುತ್ತಾನೆ: ಅವಳಿಗೆ ರಷ್ಯನ್ ಸರಿಯಾಗಿ ಬರುತ್ತಿರಲಿಲ್ಲ, ತಾಯ್ನುಡಿಯಲ್ಲಿ ಮನಸ್ಸಿನ ಮಾತು ಹೇಳಲು ತಡವರಿಸುತ್ತಿದ್ದಳು, ಹಾಗಾಗಿ ಅವಳು ಬರೆದದ್ದು ಫ್ರೆಂಚಿನಲ್ಲಿ, ನಾನು ಅದನ್ನು ಅನುವಾದಿಸಿ ಕೊಡುತ್ತಿದ್ದೇನೆ. ಮುಂದೆ ಐದನೆಯ ಅಧ್ಯಾಯದಲ್ಲಿ ಇದೇ ತಾತ್ಯಾನಾಳನ್ನು, ಏಕೆಂದು ತನಗೇ ತಿಳಿಯದಿದ್ದರೂ ಆತ್ಮದಲ್ಲಿ ರಷ್ಯನ್ ಆದವಳು ಎಂದು ವರ್ಣಿಸಲಾಗಿದೆ. ರಷ್ಯದ ಶಾಲೆಗಳಲ್ಲಿ ಮಕ್ಕಳು ಇಂದಿಗೂ ಬಾಯಿಪಾಠ ಮಾಡುವ ಈ ಪತ್ರ, ಕಥೆಯ ಪ್ರಕಾರ, ಇಲ್ಲದ ಒಂದು ಫ್ರೆಂಚ್ ಮೂಲದ ಅನುವಾದ. ಪುಷ್ಕಿನ್ ಇದನ್ನು ಮುಚ್ಚಿಡಲಿಲ್ಲ, ಇದರಿಂದ ತಾತ್ಯಾನಾಳ ರಷ್ಯನ್‌ತನಕ್ಕೆ ಕುಂದು ಬಂತೆಂದೂ ಭಾವಿಸಲಿಲ್ಲ. ಮುತ್ತಾತನ ಕಡೆಯಿಂದ ಆಫ್ರಿಕದ ರಕ್ತ ಪಡೆದಿದ್ದ, ಬಾಲ್ಯದಲ್ಲಿ ಫ್ರೆಂಚ್ ಕಾವ್ಯವನ್ನೇ ಓದಿ ಬೆಳೆದ ಕವಿಗೆ ರಾಷ್ಟ್ರದ ಗುರುತು ಕಲಸುಮೇಲೋಗರವಾಗಿಯೇ ಹುಟ್ಟುತ್ತದೆ ಎಂಬುದು ಗೊತ್ತಿತ್ತು.

ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ ಕಾದಂಬರಿಯಲ್ಲಿ ಇದೇ ಸಂಗತಿ ಇನ್ನೊಂದು ಬಗೆಯಲ್ಲಿ ಬರುತ್ತದೆ. ಬೇಟೆ ಮುಗಿಸಿ ‘ಚಿಕ್ಕಪ್ಪ’ನ ಮರದ ಮನೆಯಲ್ಲಿ ತಂಗಿದ ಸಂಜೆ, ಅವನು ಗಿಟಾರು ಮೀಟುತ್ತಿದ್ದಂತೆ ನತಾಶಾ ಶಾಲು ಕಳಚಿ, ಸೊಂಟದ ಮೇಲೆ ಕೈಯಿಟ್ಟು, ಹಳ್ಳಿಯವರ ಕುಣಿತಕ್ಕೆ ನಿಲ್ಲುತ್ತಾಳೆ. ಫ್ರೆಂಚ್ ಶಿಕ್ಷಕಿಯ ಕೈಯಲ್ಲಿ ಬೆಳೆದ ಈ ಪುಟ್ಟ ಕೌಂಟೆಸ್ ಈ ನೆಲದ ಹಾವಭಾವವನ್ನು ಎಲ್ಲಿಂದ, ಯಾವಾಗ ಉಸಿರಾಡಿ ಒಳಗೆಳೆದುಕೊಂಡಳು ಎಂದು ಲೇಖಕ ಬೆರಗಾಗುತ್ತಾನೆ. ಮನೆವಾಳ್ತೆ ನೋಡಿಕೊಳ್ಳುವ ಅನೀಸ್ಯಾ ಫ್ಯೋದೊರೊವ್ನಾ ಕುಣಿತಕ್ಕೆ ಬೇಕಾದ ಕರವಸ್ತ್ರವನ್ನು ಅವಳ ಕೈಗಿತ್ತು, ನಗುನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾಳೆ. ರೇಷ್ಮೆ ಮಖಮಲ್ಲಿನಲ್ಲಿ ಬೆಳೆದ, ತನಗೆ ಅಷ್ಟು ಪರಕೀಯಳಾದ ಈ ಹುಡುಗಿ ತನ್ನೊಳಗೆ, ತನ್ನ ಅಪ್ಪ ಅಮ್ಮನೊಳಗೆ, ಪ್ರತಿಯೊಬ್ಬ ರಷ್ಯನ್ನನೊಳಗೆ ಇರುವುದನ್ನೆಲ್ಲ ಬಲ್ಲಳಲ್ಲ ಎಂಬ ಆನಂದ ಅವಳದು. ನಾನು ತರಗತಿಯಲ್ಲಿ ಈ ಭಾಗವನ್ನು ಓದಿದಾಗಲೆಲ್ಲ ಗಂಟಲು ತುಂಬಿಬಂದದ್ದುಂಟು. ಆದರೂ ಮಕ್ಕಳಿಗೆ ಒಂದು ಪ್ರಶ್ನೆ ಕೇಳದೆ ಮುಂದೆ ಹೋಗುತ್ತಿರಲಿಲ್ಲ: ಕುಣಿತ ಮುಗಿದ ಮೇಲೆ ಈ ಇಬ್ಬರು ಎಲ್ಲಿಗೆ ಹೋದರು? ನತಾಶಾ ಗಾಡಿಯೇರಿ ಅರಮನೆಯಂಥ ಮನೆಗೆ ಹೋದಳು, ಅನೀಸ್ಯಾ ಅಡುಗೆಮನೆಗೆ. ಅದು 1810ರ ಸುಮಾರು, ಮನೆಗೆಲಸದವರು ಒಡೆಯನ ಸ್ವತ್ತಾಗಿದ್ದ ಕಾಲ. ಜೀತಪದ್ಧತಿ ರದ್ದಾದದ್ದು 1861ರಲ್ಲಿ. ನೆಪೋಲಿಯನ್ನನನ್ನು ಹಿಮ್ಮೆಟ್ಟಿಸಿದ ರೈತ ಸೈನಿಕರಿಗೆ ಏನು ಸಿಕ್ಕಿತು ಎಂಬುದಕ್ಕೆ ತ್ಸಾರ್ ಮೊದಲನೆಯ ಅಲೆಕ್ಸಾಂಡರ್ 1814ರಲ್ಲಿ ಹೊರಡಿಸಿದ ಪ್ರಕಟಣೆಯೇ ಸಾಕ್ಷಿ: ನಮ್ಮ ನಿಷ್ಠಾವಂತ ಪ್ರಜೆಗಳಾದ ರೈತರು ತಮ್ಮ ಪ್ರತಿಫಲವನ್ನು ದೇವರಿಂದ ಪಡೆಯಲಿ. ಅಷ್ಟು ಹೇಳಿ ಅವರನ್ನು ಒಡೆಯರ ಹೊಲಕ್ಕೆ ಮರಳಿ ಕಳಿಸಲಾಯಿತು.

ಇಲ್ಲಿ ಕನ್ನಡದ ಓದುಗರಾದ ನಾವು ಗಮನಿಸಬೇಕಾದ ಎರಡು ಸಂಗತಿಗಳಿವೆ. ‘ಯುದ್ಧ ಮತ್ತು ಶಾಂತಿ’ ಆರಂಭವಾಗುವುದೇ ಪೀಟರ್ಸ್‌ಬರ್ಗಿನ ಶ್ರೀಮಂತರ ಫ್ರೆಂಚ್ ಸಂಭಾಷಣೆಯಿಂದ. ನೆಪೋಲಿಯನ್ ಮಾಸ್ಕೋ ಸಮೀಪಿಸುತ್ತಿದ್ದಾಗ ಜೂಲಿ ಎಂಬ ಶ್ರೀಮಂತ ತರುಣಿಯ ಮನೆಯ ಕೂಟದಲ್ಲಿ ಇನ್ನು ಮುಂದೆ ರಷ್ಯನ್ನಿನಲ್ಲೇ ಮಾತಾಡತಕ್ಕದ್ದು, ಬಾಯಿತಪ್ಪಿ ಫ್ರೆಂಚ್ ಆಡಿದವರು ದಂಡ ಕಟ್ಟತಕ್ಕದ್ದು ಎಂದು ಗೊತ್ತುಮಾಡುತ್ತಾರೆ. ದಂಡದ ಹಣ ಯುದ್ಧನಿಧಿಗೆ. ಕನ್ನಡಕ್ಕೆ ಬರುವಾಗ ಫ್ರೆಂಚೂ ರಷ್ಯನ್ನೂ ಎರಡೂ ಕನ್ನಡವೇ ಆಗಿಬಿಡುವುದರಿಂದ, ದೇಶಪ್ರೇಮವನ್ನು ಅವರು ಪರಭಾಷೆಯಲ್ಲೇ ಕಲಿಯುತ್ತಿದ್ದರು ಎಂಬ ಮುಖ್ಯ ಸಂಗತಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ನಾವು ‘ರಷ್ಯನ್’ ಎಂದು ಬರೆಯುವ ಕಡೆ ಮೂಲದಲ್ಲಿ ಎರಡು ಬೇರೆ ಪದಗಳಿರುತ್ತವೆ. ಒಂದು ‘ರೂಸ್ಕಿ’, ಅದು ಜನಕ್ಕೆ, ಭಾಷೆಗೆ, ಸಾಹಿತ್ಯಕ್ಕೆ ಹೇಳುವ ಮಾತು. ಇನ್ನೊಂದು ‘ರೊಸ್ಸೀಸ್ಕಿ’, ಅದು ರಾಜ್ಯಕ್ಕೆ, ಅದರ ಆಡಳಿತಕ್ಕೆ, ಅದರ ಗಡಿಯೊಳಗಿನ ಎಲ್ಲ ಪ್ರಜೆಗಳಿಗೆ ಹೇಳುವ ಮಾತು. ಸಾಮ್ರಾಜ್ಯ ‘ರೊಸ್ಸೀಸ್ಕಿ’, ಸಾಹಿತ್ಯ ‘ರೂಸ್ಕಿ’. ಕಾಕಸಸ್ ಬೆಟ್ಟಸೀಮೆಯ ಚೆಚೆನ್ ಜನಾಂಗದವನೊಬ್ಬ ಎರಡನೆಯ ಅರ್ಥದಲ್ಲಿ ರಷ್ಯಾದವನು, ಮೊದಲನೆಯ ಅರ್ಥದಲ್ಲಿ ಅಲ್ಲವೇ ಅಲ್ಲ. ರಷ್ಯದ ಜನ ತಾವೊಂದು ರಾಷ್ಟ್ರವೆಂದು ತಿಳಿಯುವ ಮೊದಲೇ ಅವರ ಒಡೆಯರು ಹತ್ತಾರು ಜನಾಂಗಗಳ ಸಾಮ್ರಾಜ್ಯವನ್ನು ಕಟ್ಟಿಬಿಟ್ಟಿದ್ದರು. ಆದ್ದರಿಂದ ಅಲ್ಲಿಯ ಕವಿ ‘ನನ್ನ ನಾಡು’ ಎಂದಾಗ ಯಾವ ನಾಡು, ಜನದ್ದೋ ಸಿಂಹಾಸನದ್ದೋ ಎಂದು ಪ್ರತಿ ಸಲವೂ ಕೇಳಿಕೊಳ್ಳಬೇಕಾಗುತ್ತದೆ. ಲೇಖನದಲ್ಲಿ ಈ ಎರಡೂ ಒಂದೇ ಪದದ ಅಡಿಯಲ್ಲಿ ಕಲೆತುಹೋಗಿವೆ.

1833ರಲ್ಲಿ ಶಿಕ್ಷಣ ಮಂತ್ರಿ ಉವಾರೊವ್ ಸಾಂಪ್ರದಾಯಿಕ ಕ್ರೈಸ್ತಧರ್ಮ, ನಿರಂಕುಶ ಪ್ರಭುತ್ವ, ಜನತ್ವ ಎಂಬ ಮೂರು ಪದಗಳನ್ನು ಸರ್ಕಾರದ ಘೋಷಣೆಯಾಗಿಸಿದಾಗ ಆಳುವವರು ತಮ್ಮ ಉತ್ತರವನ್ನು ಕೊಟ್ಟಾಗಿತ್ತು. ಅದಕ್ಕೆ ಒಪ್ಪದವರ ಗತಿ ಏನೆಂಬುದು ಮೂರೇ ವರ್ಷದಲ್ಲಿ ತಿಳಿಯಿತು. ಚಿಂತಕ ಚಾದಾಯೆವ್ ಫ್ರೆಂಚಿನಲ್ಲಿ ಬರೆದಿದ್ದ ‘ತಾತ್ವಿಕ ಪತ್ರ’ 1836ರಲ್ಲಿ ‘ಟೆಲಿಸ್ಕೋಪ್’ ಪತ್ರಿಕೆಯಲ್ಲಿ ಅಚ್ಚಾಯಿತು. ನಾವು ಜಗತ್ತಿಗೆ ಏನನ್ನೂ ಕೊಟ್ಟಿಲ್ಲ, ಏನನ್ನೂ ಕಲಿಸಿಲ್ಲ ಎಂದು ಅದರಲ್ಲಿ ಅವನು ಬರೆದಿದ್ದ. ಪತ್ರಿಕೆ ಮುಚ್ಚಿತು, ಸಂಪಾದಕ ಗಡೀಪಾರಾದ, ಬರೆದವನಿಗೆ ಬುದ್ಧಿಭ್ರಮಣೆ ಎಂದು ತ್ಸಾರ್ ಘೋಷಿಸಿ ವೈದ್ಯರ ಕಾವಲು ಹಾಕಿಸಿದ. ಕಣ್ಣು ಮುಚ್ಚಿಕೊಂಡು, ತಲೆ ಬಗ್ಗಿಸಿಕೊಂಡು, ಬಾಯಿಗೆ ಬೀಗ ಹಾಕಿಕೊಂಡು ನನ್ನ ದೇಶವನ್ನು ಪ್ರೀತಿಸುವುದನ್ನು ನಾನು ಕಲಿಯಲಿಲ್ಲ ಎಂದು ಚಾದಾಯೆವ್ ಮರುವರ್ಷ ಬರೆದುಕೊಂಡ. ಅದೂ ದೇಶಪ್ರೇಮವೇ, ರಷ್ಯನ್ ಸಾಹಿತ್ಯದ್ದೇ.

ಇನ್ನು ಗಡಿಯ ಮಾತು. ಪುಷ್ಕಿನ್‌ನ ‘ಕಾಕಸಸ್ಸಿನ ಸೆರೆಯಾಳು’ 1822ರಲ್ಲಿ ಬಂತು. ಬೆಟ್ಟದ ಜನರ ಬದುಕನ್ನು ಅಷ್ಟು ಪ್ರೀತಿಯಿಂದ ವರ್ಣಿಸಿದ ಆ ಕಾವ್ಯದ ಕೊನೆಯಲ್ಲಿ, ಆ ಜನರನ್ನೇ ಸದೆಬಡಿಯಲು ಹೊರಟ ಸೇನಾಪತಿಗೆ ಜಯಕಾರವಿದೆ: ತಲೆಬಾಗು ಕಾಕಸಸ್, ಯೆರ್ಮೊಲೊವ್ ಬರುತ್ತಿದ್ದಾನೆ! ಅಂದಿನ ಕಾಲಧರ್ಮವೇ ಹಾಗಿತ್ತು, ಇಂದಿನ ಅಳತೆಗೋಲನ್ನು ಅಂದಿಗೆ ಹಿಡಿಯಬಾರದು ಎಂದು ಲೇಖಕರು ಒಂದು ಕಡೆ ಹೇಳಿದ್ದಾರೆ. ಆದರೆ ಆ ಅಳತೆಗೋಲನ್ನು ಅಂದೇ, ಅದೇ ವರ್ಷವೇ ಹಿಡಿದವನಿದ್ದ. ಅವನು ಪುಷ್ಕಿನ್‌ನ ಆಪ್ತ ಗೆಳೆಯ, ಕವಿ ವ್ಯಾಜೆಮ್‌ಸ್ಕಿ. ಕರಿ ಮಹಾಮಾರಿಯ ಹಾಗೆ ಬುಡಕಟ್ಟುಗಳನ್ನು ಅಳಿಸಿದವನನ್ನು ಹಾಡಿ ಹೊಗಳುವುದನ್ನು ಕಂಡರೆ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಕಾವ್ಯ ಕಟುಕರ ಮಿತ್ರನಲ್ಲ ಎಂದು ಅವನು ಇನ್ನೊಬ್ಬ ಗೆಳೆಯನಿಗೆ ಪತ್ರ ಬರೆದ. ಒಂಬತ್ತು ವರ್ಷಗಳ ನಂತರ ಮತ್ತೆ ಅದೇ ಆಯಿತು. ಪೋಲೆಂಡ್ ದಂಗೆಯೆದ್ದಿತು, ಫ್ರಾನ್ಸಿನ ಜನಪ್ರತಿನಿಧಿಗಳು ಅದರ ಪರವಾಗಿ ಮಾತನಾಡಿದರು, ಪುಷ್ಕಿನ್ ‘ರಷ್ಯವನ್ನು ದೂಷಿಸುವವರಿಗೆ’ ಎಂಬ ಪದ್ಯ ಬರೆದ. ಇದು ಸ್ಲಾವ್ ಜನರ ಮನೆಯೊಳಗಿನ ಹಳೆಯ ಜಗಳ, ನೀವು ನಡುವೆ ಬರಬೇಡಿ; ಸ್ಲಾವ್ ಹೊಳೆಗಳೆಲ್ಲ ರಷ್ಯನ್ ಕಡಲಿಗೆ ಸೇರುತ್ತವೆಯೋ, ಆ ಕಡಲೇ ಬತ್ತುತ್ತದೆಯೋ ಎಂಬುದಷ್ಟೇ ಪ್ರಶ್ನೆ. ಪೆರ್ಮ್‌ನಿಂದ ಕ್ರಿಮಿಯದವರೆಗೆ, ಫಿನ್ಲೆಂಡಿನ ಹಿಮದ ಬಂಡೆಗಳಿಂದ ಉರಿಬಿಸಿಲಿನ ಕೊಲ್ಖಿಸ್‌ವರೆಗೆ ರಷ್ಯದ ನೆಲ ಎದ್ದು ನಿಲ್ಲುತ್ತದೆ ಎಂಬ ಬೆದರಿಕೆಯೂ ಅದರಲ್ಲಿದೆ. ವ್ಯಾಜೆಮ್‌ಸ್ಕಿ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ ಮಾತು ಇದಕ್ಕೆ ಉತ್ತರ: ಇಷ್ಟು ಉದ್ದಕ್ಕೆ ಮೈಚಾಚಿ ಮಲಗಿದ್ದೇವೆ ಎಂಬುದರಲ್ಲಿ ಹೆಮ್ಮೆಪಡುವುದೇನಿದೆ? ನಮ್ಮಲ್ಲಿ ಒಂದು ವಿಚಾರದಿಂದ ಇನ್ನೊಂದು ವಿಚಾರಕ್ಕೆ ಐದು ಸಾವಿರ ವೆರ್ಸ್ಟ್ ದೂರ. ವೆರ್ಸ್ಟ್ ಎಂದರೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು.

ಕವಿಯಾಗಿ ಪುಷ್ಕಿನ್ ಎಲ್ಲಿ, ವ್ಯಾಜೆಮ್‌ಸ್ಕಿ ಎಲ್ಲಿ! ಆದರೂ ಈ ಎರಡು ವಿಷಯಗಳಲ್ಲಿ ಗೆಳೆಯನ ಮಾತೇ ನ್ಯಾಯವಾದದ್ದು ಎಂದು ಹೇಳಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ತನ್ನ ಸಾವಿಗೆ ಮುಂಚಿನ ವರ್ಷ, 1836ರಲ್ಲಿ, ಪುಷ್ಕಿನ್ ಬರೆದ ‘ಸ್ಮಾರಕ’ ಕವನದಲ್ಲಿ ಈ ವಿಶಾಲ ನೆಲದ ಪ್ರತಿಯೊಂದು ನುಡಿಯೂ ನನ್ನ ಹೆಸರು ಹೇಳುತ್ತದೆ ಎಂಬ ಭರವಸೆಯಿದೆ. ಸ್ಲಾವ್, ಫಿನ್, ತುಂಗುಸ್, ಕಲ್ಮಿಕ್ ಎಂದು ಜನಾಂಗಗಳ ಪಟ್ಟಿಯೂ ಇದೆ. ಒಂಬತ್ತು ವರ್ಷಗಳ ಬಳಿಕ, 1845ರಲ್ಲಿ, ಉಕ್ರೇನಿನ ಕವಿ ತರಾಸ್ ಶೆವ್ಚೆಂಕೊ ‘ಕಾಕಸಸ್’ ಎಂಬ ಕವನ ಬರೆದ. ಅಲ್ಲಿಯೂ ಪಟ್ಟಿಯಿದೆ: ಮೊಲ್ದಾವಿಯನ್ನನಿಂದ ಫಿನ್‌ವರೆಗೆ ಎಲ್ಲ ನುಡಿಗಳಲ್ಲೂ ಎಲ್ಲರೂ ಮೌನ, ಯಾಕೆಂದರೆ ಎಲ್ಲರೂ ಸುಖವಾಗಿದ್ದಾರೆ! ಜೀತದಾಳಾಗಿ ಹುಟ್ಟಿ, 1838ರಲ್ಲಿ 2,500 ರೂಬಲ್ ತೆತ್ತು ಬಿಡುಗಡೆ ಮಾಡಿಸಲ್ಪಟ್ಟಿದ್ದ ಕವಿಯ ಮಾತಿದು. ಎರಡು ವರ್ಷಗಳಲ್ಲಿ ಅವನ ಬಂಧನವಾಯಿತು. ಸಾಮಾನ್ಯ ಸಿಪಾಯಿಯಾಗಿ ದೂರದ ಗಡಿಗೆ ಕಳಿಸುವ ಆಜ್ಞೆಯ ಮೇಲೆ ತ್ಸಾರ್ ಮೊದಲನೆಯ ನಿಕೊಲಸ್ ತನ್ನ ಕೈಯಾರೆ ಸೇರಿಸಿದ: ಬರೆಯಲೂ ಬಿಡಬಾರದು, ಚಿತ್ರ ಬಿಡಿಸಲೂ ಬಿಡಬಾರದು. ಮುಂದೆ 1863ರ ಸುತ್ತೋಲೆ, 1876ರ ರಾಜಾಜ್ಞೆಗಳು ಉಕ್ರೇನಿ ಭಾಷೆಯ ಪುಸ್ತಕಗಳ ಮುದ್ರಣವನ್ನೇ ಕತ್ತುಹಿಸುಕಿದವು. ಒಂದು ಭಾಷೆಯಲ್ಲಿ ಮಹಾಕಾದಂಬರಿಗಳು ಹುಟ್ಟುತ್ತಿದ್ದ ದಶಕಗಳಲ್ಲೇ ಪಕ್ಕದ ಭಾಷೆಗೆ ಅಚ್ಚಿನ ಮೊಳೆ ಸಿಗದಂತೆ ಮಾಡಲಾಗಿತ್ತು ಎಂಬುದನ್ನು ಮರೆತು ನಾವು ಆ ಕಾದಂಬರಿಗಳನ್ನು ಓದಬಾರದು.

ಗೊಗೊಲ್‌ನ ಬಗ್ಗೆ ಲೇಖನದಲ್ಲಿ ಎರಡೇ ಸಾಲುಗಳಿವೆ. ಪೊಲ್ತಾವಾ ಸೀಮೆಯಲ್ಲಿ ಹುಟ್ಟಿದ ಅವನು, ನನ್ನ ಆತ್ಮ ಉಕ್ರೇನಿನದೋ ರಷ್ಯದ್ದೋ ನನಗೇ ತಿಳಿಯದು ಎಂದು 1844ರಲ್ಲಿ ಒಂದು ಪತ್ರದಲ್ಲಿ ಬರೆದವನು. ‘ಮೃತ ಆತ್ಮಗಳು’ ಕಾದಂಬರಿಯ ಮೊದಲ ಭಾಗದ ಕೊನೆಯಲ್ಲಿ ರಷ್ಯವನ್ನು ಮೂರು ಕುದುರೆಗಳ ಗಾಡಿಗೆ ಹೋಲಿಸಿ, ಎಲ್ಲಿಗೆ ಧಾವಿಸುತ್ತಿದ್ದೀಯೆ, ಉತ್ತರ ಕೊಡು ಎಂದು ಕೇಳುವ ಭಾಗವನ್ನು ಲೇಖಕರು ರಾಷ್ಟ್ರಭಕ್ತಿಯ ಶಿಖರವೆಂದು ಉದಾಹರಿಸಿದ್ದಾರೆ. ಇತರ ಜನಾಂಗಗಳೂ ರಾಜ್ಯಗಳೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತವೆ ಎಂದು ಆ ಭಾಗ ಮುಗಿಯುತ್ತದೆ. ಸೋವಿಯತ್ ಕಾಲದ ಕಥೆಗಾರ ವಾಸಿಲಿ ಶುಕ್ಶಿನ್ 1970ರ ದಶಕದಲ್ಲಿ ಇದರ ಮೇಲೆಯೇ ಒಂದು ಪುಟ್ಟ ಕಥೆ ಬರೆದಿದ್ದಾನೆ. ಸರ್ಕಾರಿ ಹೊಲದಲ್ಲಿ ಯಂತ್ರ ರಿಪೇರಿ ಮಾಡುವ ರೊಮಾನ್ ಜ್ವ್ಯಾಗಿನ್ ದಣಿದು ಮನೆಯಲ್ಲಿ ಒರಗಿರುತ್ತಾನೆ. ಮಗ ಇದೇ ಭಾಗವನ್ನು ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿರುತ್ತಾನೆ. ಕೇಳುತ್ತ ಕೇಳುತ್ತ ರೊಮಾನ್‌ಗೆ ಥಟ್ಟನೆ ಒಂದು ಯೋಚನೆ ಹೊಳೆಯುತ್ತದೆ: ಗಾಡಿಯಲ್ಲಿ ಕೂತಿರುವವನು ಯಾರು? ಚಿಚಿಕೊವ್! ಸತ್ತ ಜೀತದಾಳುಗಳ ಹೆಸರುಗಳನ್ನು ಕೊಂಡುಕೊಂಡು ದುಡ್ಡು ಮಾಡಲು ಹೊರಟ ಠಕ್ಕ! ಇಂಥವನನ್ನು ಹೊತ್ತ ಗಾಡಿಗೆ ಜಗತ್ತೆಲ್ಲ ದಾರಿ ಬಿಡಬೇಕೇ? ಅವನು ಕುಳಿತಲ್ಲಿ ಕೂರಲಾರದೆ ಊರಿನ ಮೇಷ್ಟರ ಬಳಿ ಓಡುತ್ತಾನೆ. ಎಷ್ಟೋ ವರ್ಷಗಳಿಂದ ಪಾಠ ಹೇಳಿದ ಆ ಮೇಷ್ಟರಿಗೂ ಇದು ಹೊಳೆದಿರಲಿಲ್ಲ. ಗೊಗೊಲ್‌ನ ಗಾಡಿಯನ್ನು ಶ್ರದ್ಧೆಯಿಂದ ಓದಿದವನು ಈ ಮೆಕ್ಯಾನಿಕ್ ಎಂದೇ ನನ್ನ ಭಾವನೆ.

ಈಗ ದಾಸ್ತೊಯೆವ್‌ಸ್ಕಿಗೆ ಮರಳುತ್ತೇನೆ. ಅವನ ಮೇಲೆ ನನಗಿರುವ ಗೌರವ ಲೇಖಕರಿಗಿರುವುದಕ್ಕಿಂತ ಕಡಿಮೆಯದಲ್ಲ. ಸಾಹಿತ್ಯ ವಿಮರ್ಶಕ ಬೆಲಿನ್‌ಸ್ಕಿ ಗೊಗೊಲ್‌ಗೆ ಬರೆದ ನಿಷಿದ್ಧ ಪತ್ರವನ್ನು ಗೆಳೆಯರ ಕೂಟದಲ್ಲಿ ಓದಿದ ಅಪರಾಧಕ್ಕಾಗಿ 1849ರ ಡಿಸೆಂಬರಿನಲ್ಲಿ ಗುಂಡೇಟಿನ ಮೈದಾನದವರೆಗೆ ಹೋಗಿ, ಕೊನೆಯ ಗಳಿಗೆಯಲ್ಲಿ ಪ್ರಾಣ ಉಳಿಸಿಕೊಂಡು, ಓಮ್ಸ್ಕ್‌ನ ಸೆರೆಯಲ್ಲಿ ನಾಲ್ಕು ವರ್ಷ ಬೇಡಿ ಹೊತ್ತವನು ಅವನು. ಅಂಥವನು ಜನರನ್ನು ನಂಬಿದ್ದರೆ ಅದಕ್ಕೆ ಬೆಲೆ ತೆತ್ತೇ ನಂಬಿದ. ಆದರೆ ಮಾಸ್ಕೋ ಭಾಷಣ ಒಂದನ್ನೇ ಇಟ್ಟುಕೊಂಡು ಅವನ ರಾಷ್ಟ್ರೀಯತೆ ವಿಶ್ವಬಂಧುತ್ವ ಎನ್ನಲಾಗದು. 1877ರ ‘ಲೇಖಕನ ದಿನಚರಿ’ಯಲ್ಲಿ, ಇಂದಲ್ಲ ನಾಳೆ ಕಾನ್‌ಸ್ಟಾಂಟಿನೋಪಲ್ ನಮ್ಮದಾಗಲೇಬೇಕು ಎಂದು ಶೀರ್ಷಿಕೆ ಕೊಟ್ಟೇ ಬರೆದವನು ಇವನೇ. ಭಾಷಣ ಮಾಡಿದ ಏಳೆಂಟು ತಿಂಗಳಿಗೆ, 1881ರ ಜನವರಿಯಲ್ಲಿ, ಜನರಲ್ ಸ್ಕೊಬೆಲೆವ್‌ನ ಸೇನೆ ಮಧ್ಯ ಏಷ್ಯದ ಗೆಯೊಕ್-ತೆಪೆ ಕೋಟೆಯನ್ನು ಹಿಡಿಯಿತು. ಸಾವಿರಾರು ತುರ್ಕ್‌ಮೆನ್ನರು ಹತರಾದರು. ಸಾಯುವ ಮೊದಲು ದಾಸ್ತೊಯೆವ್‌ಸ್ಕಿ ಬರೆದ ದಿನಚರಿಯ ಕೊನೆಯ ಸಂಚಿಕೆಯಲ್ಲಿ ಈ ವಿಜಯದ ಸಂಭ್ರಮವಿದೆ. ಯುರೋಪಿನಲ್ಲಿ ನಾವು ಹಂಗಿನ ಕೂಳಿನವರು, ಗುಲಾಮರು. ಏಷ್ಯದಲ್ಲಾದರೋ ಒಡೆಯರಾಗಿ ಕಾಲಿಡುತ್ತೇವೆ. ಯುರೋಪಿನಲ್ಲಿ ನಾವು ತಾತಾರರು, ಏಷ್ಯದಲ್ಲಿ ನಾವೂ ಯುರೋಪಿನವರು. ಬಿಳಿಯ ತ್ಸಾರ್ ಅಜೇಯ ಎಂಬ ನಂಬಿಕೆ ಭಾರತದ ಗಡಿಯವರೆಗೂ, ಬೇಕಾದರೆ ಭಾರತದ ಒಳಗೂ ಬೆಳೆಯಲಿ ಎಂದೂ ಅದರಲ್ಲಿದೆ. ಈ ಸಾಲಿನಲ್ಲಿ ನಮ್ಮ ದೇಶದ ಹೆಸರೂ ಬಂದಿರುವುದರಿಂದ, ಭಾರತದ ಓದುಗರಿಗಾಗಿ ಬರೆದ ಲೇಖನದಲ್ಲಿ ಅದರ ಪ್ರಸ್ತಾಪ ಇರಬೇಕಿತ್ತು.

ಆಶ್ಚರ್ಯವೆಂದರೆ, ಈ ನಂಬಿಕೆಯ ಒಳಗಿನ ಬಿರುಕನ್ನು ಅವನಷ್ಟು ಚೆನ್ನಾಗಿ ಕಂಡವರೂ ಇಲ್ಲ. ಹತ್ತು ವರ್ಷ ಹಿಂದೆ ಬರೆದ ‘ದೆವ್ವಗಳು’ ಕಾದಂಬರಿಯಲ್ಲಿ, ದೇವರನ್ನು ಹೊತ್ತಿರುವ ಜನಾಂಗ ರಷ್ಯನ್ನರೊಬ್ಬರೇ ಎಂದು ಆವೇಶದಿಂದ ವಾದಿಸುವ ಶಾತೊವ್‌ನಿಗೆ ಸ್ತಾವ್ರೊಗಿನ್ ತಣ್ಣಗೆ ಒಂದು ಪ್ರಶ್ನೆ ಹಾಕುತ್ತಾನೆ: ನೀನು ದೇವರನ್ನು ನಂಬುತ್ತೀಯಾ? ಶಾತೊವ್ ತೊದಲುತ್ತಾನೆ. ರಷ್ಯವನ್ನು ನಂಬುತ್ತೇನೆ, ಅದರ ಧರ್ಮವನ್ನು ನಂಬುತ್ತೇನೆ, ಕ್ರಿಸ್ತನ ಮರುಬರವು ರಷ್ಯದಲ್ಲೇ ಆಗುತ್ತದೆಂದು ನಂಬುತ್ತೇನೆ. ದೇವರನ್ನು? ನಾನು... ನಾನು ದೇವರನ್ನು ನಂಬುವೆ. ಉಳಿದುದಕ್ಕೆಲ್ಲ ವರ್ತಮಾನ ಕಾಲ, ದೇವರಿಗೆ ಮಾತ್ರ ಭವಿಷ್ಯತ್ ಕಾಲ! ಕಾದಂಬರಿಕಾರ ದಾಸ್ತೊಯೆವ್‌ಸ್ಕಿ ಇಷ್ಟನ್ನು ಕಂಡಿದ್ದರೂ ದಿನಚರಿಕಾರ ದಾಸ್ತೊಯೆವ್‌ಸ್ಕಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಟಾಲ್‌ಸ್ಟಾಯ್ ನಡೆದ ದಾರಿ ಬೇರೆ. 1876ರಲ್ಲಿ ಸೆರ್ಬಿಯದ ಪರವಾಗಿ ತುರ್ಕರ ವಿರುದ್ಧ ಹೋರಾಡಲು ಸ್ವಯಂಸೇವಕರ ದಂಡು ಹೊರಟಾಗ, ಇಡೀ ಜನತೆಯೇ ಯುದ್ಧ ಬಯಸುತ್ತಿದೆ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ‘ಅನ್ನಾ ಕರೆನಿನಾ’ದ ಎಂಟನೆಯ ಭಾಗದಲ್ಲಿ ಈ ಚರ್ಚೆ ಜೇನುಗೂಡುಗಳ ತೋಟದಲ್ಲಿ ನಡೆಯುತ್ತದೆ. ಜನತೆಯ ಅಭಿಪ್ರಾಯವನ್ನೇ ಕೇಳೋಣ ಎಂದು ಜೇನು ನೋಡಿಕೊಳ್ಳುವ ಮುದುಕ ಮಿಖಾಯ್ಲಿಚ್‌ನನ್ನು ಕೇಳುತ್ತಾರೆ: ಕ್ರೈಸ್ತರಿಗಾಗಿ ನಾವು ಯುದ್ಧ ಮಾಡಬೇಕೇ? ನಾವು ಯೋಚಿಸುವುದೇನಿದೆ, ನಮ್ಮ ಪರವಾಗಿ ಚಕ್ರವರ್ತಿಗಳೇ ಯೋಚಿಸಿದ್ದಾರಲ್ಲ ಎಂದ ಮುದುಕ, ಅಲ್ಲಿ ರೊಟ್ಟಿ ಮುಗಿಸುತ್ತಿದ್ದ ಹುಡುಗನನ್ನು ನೋಡಿ, ಇನ್ನೊಂದಿಷ್ಟು ರೊಟ್ಟಿ ತರಲೇ ಎಂದು ಕೇಳುತ್ತಾನೆ. ಜನರ ಹೆಸರಿನಲ್ಲಿ ಮಾತಾಡುವವರ ಬಗ್ಗೆ ಇದಕ್ಕಿಂತ ದೊಡ್ಡ ವಿಮರ್ಶೆಯನ್ನು ನಾನು ಓದಿಲ್ಲ. ಕಾದಂಬರಿಯನ್ನು ಕಂತುಗಳಲ್ಲಿ ಪ್ರಕಟಿಸುತ್ತಿದ್ದ ಕತ್ಕೊವ್ ತನ್ನ ಪತ್ರಿಕೆಯಲ್ಲಿ ಈ ಭಾಗವನ್ನು ಹಾಕಲು ಒಪ್ಪಲಿಲ್ಲ. ಟಾಲ್‌ಸ್ಟಾಯ್ ಅದನ್ನು ಬೇರೆ ಪುಸ್ತಕವಾಗಿಯೇ ಅಚ್ಚು ಹಾಕಿಸಿದ. ದಾಸ್ತೊಯೆವ್‌ಸ್ಕಿ ಇದೇ ಭಾಗವನ್ನು ತನ್ನ ದಿನಚರಿಯಲ್ಲಿ ಕಟುವಾಗಿ ಖಂಡಿಸಿದ. ರಷ್ಯದ ಇಬ್ಬರು ಮಹಾನ್ ಕಾದಂಬರಿಕಾರರು ಒಂದೇ ವರ್ಷ, ಒಂದೇ ಯುದ್ಧದ ಬಗ್ಗೆ ಎದುರುಬದುರಾಗಿ ನಿಂತಿದ್ದರು.

ಇನ್ನೂ ಒಂದು ಪುಸ್ತಕದ ಬಗ್ಗೆ ಹೇಳದೆ ಇರಲಾರೆ. ಕಾಕಸಸ್ಸಿನಲ್ಲಿ ಸೇನೆಗೆ ಸೇರುವ ಹೊತ್ತಿನಲ್ಲಿದ್ದ ಇಪ್ಪತ್ತಮೂರರ ಟಾಲ್‌ಸ್ಟಾಯ್ 1851ರ ಡಿಸೆಂಬರಿನಲ್ಲಿ ಅಣ್ಣನಿಗೆ ಬರೆದ ಪತ್ರದಲ್ಲಿ, ಹಾಜಿ ಮುರಾದ್ ಎಂಬ ಪ್ರಸಿದ್ಧ ವೀರ ರಷ್ಯನ್ನರ ಕಡೆ ಬಂದು ಸೇರಿದ, ನೀಚ ಕೆಲಸ ಮಾಡಿದ ಎಂದು ಹಗುರವಾಗಿ ಬರೆದಿದ್ದ. ಆ ಹೆಸರು ಅವನನ್ನು ಬಿಡಲಿಲ್ಲ. 1896ರಿಂದ 1904ರವರೆಗೆ ಮತ್ತೆ ಮತ್ತೆ ತಿದ್ದಿ ಬರೆದ ‘ಹಾಜಿ ಮುರಾದ್’ ಅವನು ತೀರಿಕೊಂಡ ಮೇಲೆ, 1912ರಲ್ಲಿ ಪ್ರಕಟವಾಯಿತು. ಅದರ ಹದಿನೇಳನೆಯ ಅಧ್ಯಾಯ ಎರಡೇ ಪುಟದ್ದು. ರಷ್ಯನ್ ಸೇನೆ ದಾಳಿಯಿಟ್ಟು ಹೋದ ಮೇಲೆ ಚೆಚೆನ್ ರೈತ ಸಾದೊ ಊರಿಗೆ ಮರಳುತ್ತಾನೆ. ಮನೆಯ ಸೂರು ಕುಸಿದಿದೆ, ಬಾಗಿಲೂ ಕಂಬಗಳೂ ಸುಟ್ಟಿವೆ. ಹೊಳೆಯುವ ಕಣ್ಣುಗಳ ಅವನ ಮಗನನ್ನು ಕುದುರೆಯ ಮೇಲೆ ಹಾಕಿ ಮಸೀದಿಗೆ ತಂದಿದ್ದಾರೆ. ಬಂದೂಕಿನ ತುದಿಯ ಚೂರಿಯಿಂದ ಬೆನ್ನಿಗೆ ಇರಿಯಲಾಗಿದೆ. ಹುಲ್ಲಿನ ಬಣವೆಗಳು ಬೂದಿಯಾಗಿವೆ. ಮುದುಕನೊಬ್ಬ ನೆಟ್ಟು ಬೆಳೆಸಿದ ಏಪ್ರಿಕಾಟ್, ಚೆರ್ರಿ ಮರಗಳು ಮುರಿದು ಸುಟ್ಟುಹೋಗಿವೆ, ಜೇನುಗೂಡುಗಳೂ ಜೇನುಗಳೂ ಉರಿದುಹೋಗಿವೆ. ನೀರು ತರದಂತೆ ಊರ ಒರತೆಯನ್ನು ಬೇಕೆಂದೇ ಹೊಲಸು ಮಾಡಿದ್ದಾರೆ; ಮಸೀದಿಯನ್ನೂ. ಚೆಚೆನ್ನರಲ್ಲಿ ಹುಟ್ಟಿದ ಭಾವನೆ ದ್ವೇಷಕ್ಕಿಂತ ಆಳವಾದದ್ದು, ಇಂಥವರನ್ನು ಮನುಷ್ಯರೆಂದೇ ಎಣಿಸಲಾಗದ ಭಾವನೆ ಎಂದು ಟಾಲ್‌ಸ್ಟಾಯ್ ಬರೆಯುತ್ತಾನೆ. ಇದರ ಹಿಂದಿನ ಅಧ್ಯಾಯದಲ್ಲಿ ಇದೇ ದಾಳಿಯನ್ನು ಬಟ್ಲರ್ ಎಂಬ ಯುವ ಅಧಿಕಾರಿಯ ಕಣ್ಣಿನಿಂದ ತೋರಿಸಲಾಗಿದೆ. ಅವನಿಗೆ ಅದು ಹಾಡು, ಬೆಳಗಿನ ಗಾಳಿ, ಪೌರುಷ. ಪುಷ್ಕಿನ್‌ನ ಜಯಕಾರದಿಂದ ಆರಂಭವಾದ ಕಾಕಸಸ್ಸಿನ ಕಾವ್ಯಕ್ಕೆ ರಷ್ಯನ್ ಭಾಷೆಯಲ್ಲೇ ಸಿಕ್ಕ ಉತ್ತರ ಈ ಎರಡು ಅಧ್ಯಾಯಗಳು. ಈ ಕಥೆಯನ್ನು ಮುಗಿಸಿದ ನಾಲ್ಕು ವರ್ಷಗಳಿಗೆ, 1908ರಲ್ಲಿ, ಅದೇ ಮುದುಕ ಭಾರತೀಯರೊಬ್ಬರ ಪತ್ರಕ್ಕೆ ಉತ್ತರವಾಗಿ ಬರೆದ ದೀರ್ಘ ಲೇಖನವನ್ನು ಗಾಂಧೀಜಿ ದಕ್ಷಿಣ ಆಫ್ರಿಕದಲ್ಲಿ ಅಚ್ಚು ಹಾಕಿಸಿದರು ಎಂಬುದು ನಿಮ್ಮ ಓದುಗರಿಗೆ ತಿಳಿದೇ ಇದೆ.

ಇಪ್ಪತ್ತನೆಯ ಶತಮಾನದ ಬಗ್ಗೆ ಲೇಖನ ಹೇಳಿದ್ದು ಸ್ವಲ್ಪ. ನಾನೂ ಒಂದೇ ಉದಾಹರಣೆ ಕೊಡುತ್ತೇನೆ. ಸ್ಟಾಲಿನ್ ಕಾಲದ ಶಿಬಿರಗಳ ನರಕವನ್ನು ಜಗತ್ತಿಗೆ ತಿಳಿಸಿದ ಸೊಲ್ಜೆನಿತ್ಸಿನ್ 1990ರಲ್ಲಿ ಬರೆದ ಲೇಖನದಲ್ಲಿ, ಉಕ್ರೇನ್, ಬೆಲಾರುಸ್ ಮತ್ತು ಕಜಕಸ್ತಾನದ ಉತ್ತರ ಭಾಗ ರಷ್ಯದೊಡನೆ ಒಂದೇ ರಾಜ್ಯವಾಗಿರಬೇಕೆಂದು ವಾದಿಸಿದರು. ಉಕ್ರೇನಿನ ಜನ ನಿಜವಾಗಿ ಬೇರೆಯಾಗಬೇಕೆಂದರೆ ಅವರನ್ನು ಬಲವಂತದಿಂದ ಹಿಡಿದಿಡಲು ಯಾರೂ ಮುಂದಾಗಬಾರದು ಎಂಬ ಮಾತೂ ಅದೇ ಲೇಖನದಲ್ಲಿದೆ. ಇಂದು ಮೊದಲ ಮಾತನ್ನು ನೆನೆಯುವವರು ಎರಡನೆಯದನ್ನು ಬಿಟ್ಟುಬಿಡುತ್ತಾರೆ.

2022ರ ಮಾರ್ಚ್ 16ರಂದು ಮರಿಯುಪೊಲ್ ನಗರದ ನಾಟಕಶಾಲೆಯ ಮೇಲೆ ಬಾಂಬು ಬಿತ್ತು. ಒಳಗೆ ನೂರಾರು ಜನ ಆಶ್ರಯ ಪಡೆದಿದ್ದರು, ಹೊರಗೆ ನೆಲದ ಮೇಲೆ ‘ಮಕ್ಕಳು’ ಎಂದು ದೊಡ್ಡ ಅಕ್ಷರಗಳಲ್ಲಿ, ರಷ್ಯನ್ ಭಾಷೆಯಲ್ಲೇ ಬರೆಯಲಾಗಿತ್ತು. ಆ ವರ್ಷದ ಕೊನೆಗೆ ಅವಶೇಷಗಳ ಸುತ್ತ ಎತ್ತರದ ಪರದೆ ಕಟ್ಟಿ, ಅದರ ಮೇಲೆ ಪುಷ್ಕಿನ್, ಗೊಗೊಲ್, ಟಾಲ್‌ಸ್ಟಾಯ್ ಮುಖಗಳನ್ನು ಮುದ್ರಿಸಲಾಯಿತು. ಉಕ್ರೇನಿನ ಊರುಗಳಲ್ಲಿ ಜನ ಪುಷ್ಕಿನ್ ಪ್ರತಿಮೆಗಳನ್ನು ಇಳಿಸಿದ್ದನ್ನು ನಿಮ್ಮ ಓದುಗರಿಬ್ಬರು ಸಮರ್ಥಿಸಿದ್ದಾರೆ. ಆ ನೆಲದಲ್ಲಿ ನಿಂತವರ ನೋವನ್ನು ಇಲ್ಲಿ ಕೂತು ಅಳೆಯುವ ಅಧಿಕಾರ ನನಗಿಲ್ಲ, ಅವರ ಚೌಕದಲ್ಲಿ ಯಾರ ಪ್ರತಿಮೆ ಇರಬೇಕೆಂಬುದು ಅವರಿಗೆ ಬಿಟ್ಟದ್ದು. ಆದರೆ ಕನ್ನಡದಲ್ಲಿ ಓದುವ ನಾವು ಪುಸ್ತಕವನ್ನೇ ಮುಚ್ಚಿಬಿಟ್ಟರೆ, ಆ ಪರದೆಯ ಮೇಲೆ ಟಾಲ್‌ಸ್ಟಾಯ್ ಮುಖವನ್ನು ಅಚ್ಚೊತ್ತಿದವರ ಮಾತೇ ನಿಂತಂತಾಗುತ್ತದೆ. ಹೊಲಸು ಮಾಡಿದ ಒರತೆಯ ಬಗ್ಗೆ ಬರೆದವನ ಮುಖ ಅದು ಎಂದು ಹೇಳಬೇಕಾದರೆ ಪುಸ್ತಕ ತೆರೆದಿರಬೇಕು.

ಕೊನೆಯದಾಗಿ ಒಂದು ವಿನಂತಿ. ರಷ್ಯನ್ ಸಾಹಿತ್ಯದ ಕುರಿತು ಪುರವಣಿಯಲ್ಲಿ ಮತ್ತೊಮ್ಮೆ ಜಾಗ ಮೀಸಲಿಟ್ಟಾಗ, ‘ಕಾಕಸಸ್ಸಿನ ಸೆರೆಯಾಳು’ವಿನ ಕೊನೆಯ ಸಾಲುಗಳ ಪಕ್ಕದಲ್ಲೇ ವ್ಯಾಜೆಮ್‌ಸ್ಕಿಯ ಪತ್ರವನ್ನೂ ಶೆವ್ಚೆಂಕೊನ ‘ಕಾಕಸಸ್’ ಕವನವನ್ನೂ ಕನ್ನಡಕ್ಕೆ ತರಿಸಿ ಪ್ರಕಟಿಸಬೇಕು. ‘ಯುದ್ಧ ಮತ್ತು ಶಾಂತಿ’ಯನ್ನು ಮರುಮುದ್ರಿಸುವ ಪ್ರಕಾಶಕರು ಎಲ್ಲೆಲ್ಲಿ ಮೂಲ ಫ್ರೆಂಚಿನಲ್ಲಿದೆ ಎಂಬುದನ್ನು ಅಡಿಟಿಪ್ಪಣಿಯಲ್ಲಾದರೂ ಸೂಚಿಸುವಂತೆ ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಸಾಹಿತ್ಯ ಅಧ್ಯಾಪಕ, ಮೈಸೂರು